ಮುರಿದ ಬಂದೂಕೂ ಹೊಸ ಕಾರ್ಖಾನೆಯೂ

೧

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳ ಚಾತುರ್ಯವನ್ನೂ, ಸೈನಿಕರ ಪರಾಕ್ರಮವನ್ನೂ, ಅರಸರ ಸಂಧಿವಿಗ್ರಹಗಳನ್ನೂ ವರ್ಣಿಸುವುದು ವಾಡಿಕೆ. ರಣಭೂಮಿಗೆ ಬಹು ದೂರದಲ್ಲಿ, ಕುಲುಮೆಯ ಹೊಗೆಯ ನಡುವೆ ಆಯುಧಗಳನ್ನು ಮಾಡುವವರ ಮಾತು ಅಲ್ಲಿ ಬರುವುದು ಅಪೂರ್ವ. ಮುರಿದ ಆಯುಧವನ್ನು ನೆಟ್ಟಗೆ ಮಾಡುವವರ ಮಾತಂತೂ ಬರುವುದೇ ಇಲ್ಲ. ಆದರೆ ಲೋಕದ ಕೈಗಾರಿಕೆಯ ಸ್ವರೂಪವನ್ನೇ ಬದಲಿಸಿದ ವಿಚಾರವೊಂದು ಬೆಳೆದು ಬಂದುದು ಈ ದುರಸ್ತಿಯ ಚಿಂತೆಯಿಂದ. ಮುರಿದ ಬಂದೂಕನ್ನು ಬೇಗ ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದವರು, ಹೊಸ ಬಂದೂಕನ್ನು ಮಾಡುವ ರೀತಿಯನ್ನೇ ಬದಲಿಸಬೇಕಾಗಿ ಬಂದಿತು. ಆ ಬದಲಾವಣೆಗೆ ಸುಮಾರು ಎಪ್ಪತ್ತು ವರ್ಷಗಳು ಹಿಡಿದುವು. ಅದರಿಂದ ಲೋಕಕ್ಕೆ ದೊರೆತುದೂ ಬಹಳ, ಕಳೆದುಹೋದುದೂ ಅಲ್ಪವಲ್ಲ.

ಹದಿನೆಂಟನೆಯ ಶತಮಾನದ ಬಂದೂಕಿನಲ್ಲಿ ಮುಖ್ಯವಾದ ಅಂಗಗಳು ಮೂರು: ಗುಂಡು ಹೊರಡುವ ಕಬ್ಬಿಣದ ನಳಿಗೆ, ಅದನ್ನು ಕೂರಿಸುವ ಮರದ ಹಿಡಿ, ಮದ್ದಿಗೆ ಕಿಡಿ ಹಾರಿಸುವ ಲಾಕು. ಈ ಲಾಕು ಎಂಬುದು ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುವ ಕುದುರೆ, ಅದನ್ನು ಎಳೆಯುವ ಸ್ಪ್ರಿಂಗು, ತಡೆಯುವ ಕೊಕ್ಕೆ, ಬಿಗಿಯುವ ತಿರುಪುಗಳು ಮೊದಲಾದ ಹಲವು ಸಣ್ಣ ಭಾಗಗಳ ಕೂಟ. ಕುಶಲನಾದ ಕಮ್ಮಾರನು ಒಂದೊಂದು ಭಾಗವನ್ನೂ ಕಾಯಿಸಿ ಬಡಿದು, ಅರದಿಂದ ಉಜ್ಜಿ, ಪಕ್ಕದ ಭಾಗಕ್ಕೆ ಹಿಡಿದು ನೋಡಿ, ಮತ್ತೆ ಉಜ್ಜಿ ಕೂಡಿಸುತ್ತಿದ್ದನು. ಹೀಗೆ ಆದ ಬಂದೂಕು ತನ್ನ ಮಟ್ಟಿಗೆ ಚೆನ್ನಾಗಿಯೇ ಇರುತ್ತಿದ್ದಿತು. ಆದರೆ ಅದರ ಭಾಗಗಳು ಅದಕ್ಕೆ ಮಾತ್ರ ಸರಿ. ಒಂದೇ ಅಂಗಡಿಯಲ್ಲಿ ಒಬ್ಬನೇ ಕಮ್ಮಾರನ ಕೈಯಿಂದ ಹೊರಬಂದ ಎರಡು ಬಂದೂಕುಗಳ ಭಾಗಗಳನ್ನು ಅದಲುಬದಲು ಮಾಡಿದರೆ ಎರಡೂ ಕೂಡುತ್ತಿರಲಿಲ್ಲ.

ಈ ಕೈಗೆಲಸವನ್ನು ಹೀನವೆಂದು ಭಾವಿಸಲಾಗದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುಸುಲ್ತಾನನ ಕಾರ್ಖಾನೆಗಳಲ್ಲಿ ಆದ ಬಂದೂಕುಗಳು ಇಂದಿಗೂ ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಲಾಕುಗಳು ಐರೋಪ್ಯ ಮಾದರಿಯವು. ಅವುಗಳ ಮೇಲಿನ ಹುಲಿಯ ಚಿತ್ರಗಳೂ ಅಲಂಕಾರವೂ ಈ ನಾಡಿನವು. ಅವುಗಳಲ್ಲಿ ಹಲವಕ್ಕೆ ಮಾಡಿದ ಊರಿನ ಹೆಸರನ್ನೂ, ವರ್ಷವನ್ನೂ, ಮಾಡಿದವನ ಹೆಸರನ್ನೂ ಕೆತ್ತಿರುವರು. ಸೈಯದ್ ದಾವೂದ್, ಅಸದ್ ಅಮೀನ್ ಎಂಬ ಕುಶಲಿಗಳ ಹೆಸರುಗಳು ಹೀಗೆಯೇ ಉಳಿದು ಬಂದಿವೆ. ಬಂದೂಕು ಒಬ್ಬ ಮನುಷ್ಯನ ಕೃತಿ, ಅದಕ್ಕೆ ಆತನೇ ಹೊಣೆ ಎಂಬ ಭಾವನೆಯು ಆ ಕೆತ್ತನೆಯಲ್ಲಿದೆ. ಯೂರೋಪಿನಲ್ಲಿಯೂ ಆಗ ಇದೇ ಪದ್ಧತಿ ಇದ್ದಿತು.

ಶಾಂತಿಕಾಲದಲ್ಲಿ ಇದರಿಂದ ಬಾಧೆಯಿರಲಿಲ್ಲ. ದಂಡು ಹೊರಟಾಗ ಬಾಧೆಯು ತೋರುತ್ತಿದ್ದಿತು. ಹತ್ತು ಸಾವಿರ ಬಂದೂಕುಗಳಿರುವ ದಂಡಿನಲ್ಲಿ ನೂರಾರು ಬಂದೂಕುಗಳು ಕೆಡುವುದು ಸಹಜ. ಒಂದರ ಸ್ಪ್ರಿಂಗು ಮುರಿದಿರುವುದು, ಇನ್ನೊಂದರ ಕುದುರೆ ಸವೆದಿರುವುದು. ಎರಡು ಕೆಟ್ಟ ಬಂದೂಕುಗಳ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದನ್ನಾದರೂ ಸರಿಮಾಡೋಣವೆಂದರೆ ಅವು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಪ್ರತಿಯೊಂದು ದುರಸ್ತಿಗೂ ಕುಶಲಿಯು ಹೊಸ ಭಾಗವನ್ನು ಹೊಸದಾಗಿಯೇ ಮಾಡಬೇಕು. ಅದಕ್ಕೆ ಕುಲುಮೆ ಬೇಕು, ಅಡಿಗಲ್ಲು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬೇಕು. ಯುದ್ಧದಲ್ಲಿ ದೊರೆಯದಿರುವ ವಸ್ತುವೆಂದರೆ ಕಾಲವೇ. ಆದುದರಿಂದ ಸಣ್ಣ ತಿರುಪೊಂದು ಹೋದ ಮಾತ್ರಕ್ಕೆ ಬಂದೂಕು ದೊಣ್ಣೆಯಾಗಿ ಉಗ್ರಾಣದ ಮೂಲೆಯನ್ನು ಸೇರುತ್ತಿದ್ದಿತು.

೨

ಈ ತೊಡಕನ್ನು ಮೊದಲು ಕ್ರಮವಾಗಿ ಬಿಡಿಸಹೊರಟವರು ಫ್ರೆಂಚರು. ಅದೂ ಬಂದೂಕಿನಲ್ಲಿ ಅಲ್ಲ, ತೋಪಿನ ಗಾಡಿಯಲ್ಲಿ. ಆ ಕಾಲದ ಸೇನಾವಾಹನವೆಂದರೆ ತೋಪನ್ನು ಹೊತ್ತು ಕುದುರೆಗಳ ಹಿಂದೆ ಸಾಗುವ ಈ ಗಾಡಿಯೇ. ಒಂದೊಂದು ಊರಿನ ಆಯುಧಶಾಲೆಯಲ್ಲಿ ಒಂದೊಂದು ಅಳತೆಯ ಗಾಲಿ, ಒಂದೊಂದು ಅಳತೆಯ ಇರಸು. ದಾರಿಯಲ್ಲಿ ಗಾಲಿ ಮುರಿದರೆ ಲಕ್ಷಣವಾದ ತೋಪನ್ನು ಶತ್ರುವಿಗೆ ಬಿಟ್ಟು ಹೋಗಬೇಕಾದ ಸಂದರ್ಭಗಳೂ ಉಂಟು. ಗ್ರಿಬೋವಾಲ್ ಎಂಬ ತೋಪಖಾನೆಯ ಅಧಿಕಾರಿಯು ೧೭೬೫ರಲ್ಲಿ ಹೊಸ ಏರ್ಪಾಡನ್ನು ತಂದನು. ರಣರಂಗದ ತೋಪುಗಳನ್ನು ನಾಲ್ಕು, ಎಂಟು, ಹನ್ನೆರಡು ಪೌಂಡಿನ ಗುಂಡುಗಳವೆಂದು ಮೂರೇ ತರಗತಿಗಳಿಗೆ ಇಳಿಸಿದನು. ಅವುಗಳ ತೂಕವನ್ನು ತಗ್ಗಿಸಿದನು. ಗಾಡಿಗಳಿಗೆ ಕಬ್ಬಿಣದ ಇರಸುಗಳನ್ನು ಹಾಕಿಸಿದನು. ಗಾಡಿಯ ಭಾಗಗಳನ್ನು ಗೊತ್ತಾದ ನಕ್ಷೆಗಳಿಗೂ ಅಳತೆಗಳಿಗೂ ಸರಿಯಾಗಿ ಮಾಡಬೇಕೆಂದು ವಿಧಿಸಿದನು. ಒಂದು ಆಯುಧಶಾಲೆಯಲ್ಲಿ ಆದ ಗಾಲಿಯು ಮತ್ತೊಂದರಲ್ಲಿ ಆದ ಗಾಡಿಗೆ ಕೂಡಬೇಕು ಎಂಬುದೇ ಇದರ ತಾತ್ಪರ್ಯ.

ಇದನ್ನೇ ಬಂದೂಕಿಗೆ ಅನ್ವಯಿಸಹೊರಟವನು ಓನೊರೆ ಬ್ಲಾಂಕ್ ಎಂಬ ಬಂದೂಕುಗಾರ. ಮರದ ಗಾಲಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ನಡೆಯುವುದು. ಲಾಕಿನ ಸಣ್ಣ ಭಾಗಗಳಲ್ಲಿ ನಡೆಯುವುದಿಲ್ಲ. ಬ್ಲಾಂಕನು ಉಕ್ಕಿನ ಅಚ್ಚುಗಳನ್ನೂ ಅಳತೆಯ ಮಾದರಿಗಳನ್ನೂ ಮಾಡಿಸಿ, ಕೆಲಸಗಾರನ ಅರವು ಆ ಅಚ್ಚನ್ನು ಮೀರಿ ಹೋಗದಂತೆ ಕಟ್ಟುಮಾಡಿದನು. ೧೭೮೫ರಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್‌ಸನ್ನನು ಬ್ಲಾಂಕನ ಕಾರ್ಯಾಗಾರಕ್ಕೆ ಹೋದನು. ಐವತ್ತು ಲಾಕುಗಳ ಬಿಡಿಭಾಗಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಇಟ್ಟಿದ್ದರು. ಜೆಫರ್‌ಸನ್ನನು ಖಾನೆಗಳಿಂದ ಕೈಗೆ ಬಂದ ಭಾಗಗಳನ್ನು ಆಯ್ದು ತಾನೇ ಹಲವು ಲಾಕುಗಳನ್ನು ಕೂಡಿಸಿ ನೋಡಿದನು. ಎಲ್ಲವೂ ಚೆನ್ನಾಗಿ ಕೂಡಿದುವು. ಆ ವರ್ಷದ ಆಗಸ್ಟ್ ೩೦ರಂದು ಆತನು ತನ್ನ ದೇಶದ ಅಧಿಕಾರಿ ಜಾನ್ ಜೇ ಎಂಬಾತನಿಗೆ ಬರೆದ ಕಾಗದದಲ್ಲಿ ಈ ವಿಷಯವನ್ನು ತಿಳಿಸಿ, ಆಯುಧಗಳ ದುರಸ್ತಿಯ ಕಾಲದಲ್ಲಿ ಇದರ ಪ್ರಯೋಜನವು ಸ್ಪಷ್ಟವೆಂದು ಹೇಳಿದನು. ಹೆಚ್ಚು ಬಂದೂಕುಗಳನ್ನು ಕಡಿಮೆ ಬೆಲೆಗೆ ಮಾಡುವ ಆಸೆಗಿಂತ, ಕೆಟ್ಟುದನ್ನು ಸರಿಪಡಿಸುವ ಸೌಕರ್ಯವೇ ಆತನ ಗಮನವನ್ನು ಮೊದಲು ಸೆಳೆದುದು ವಿಚಾರಾರ್ಹವಾದ ಸಂಗತಿ.

ಇದಾದ ಮೂರು ವರ್ಷಗಳಿಗೆ, ೧೭೮೮ರಲ್ಲಿ, ಟಿಪ್ಪುಸುಲ್ತಾನನ ರಾಯಭಾರಿಗಳು ಹದಿನಾರನೆಯ ಲೂಯಿ ದೊರೆಯ ಆಸ್ಥಾನಕ್ಕೆ ಹೋದರು. ಅವರು ಬೇಡಿದ ವಿಷಯಗಳಲ್ಲಿ ಫ್ರೆಂಚ್ ಕುಶಲಿಗಳನ್ನು ಮೈಸೂರಿಗೆ ಕಳುಹಿಸಿಕೊಡಬೇಕೆಂಬುದೂ ಒಂದು. ಕೆಲವರು ಅವರೊಡನೆ ಬಂದರು. ಆದರೆ ಕುಶಲಿಗಳು ಬೇರೆ, ಬ್ಲಾಂಕನ ಖಾನೆಗಳಲ್ಲಿದ್ದ ವಿಚಾರವು ಬೇರೆ. ಕುಶಲಿಯು ತನ್ನ ಕೈಯ ನೈಪುಣ್ಯವನ್ನು ಹೊತ್ತು ತರುವನು. ಬ್ಲಾಂಕನ ವಿಚಾರವು ಆ ನೈಪುಣ್ಯವನ್ನು ಕೈಯಿಂದ ಅಚ್ಚಿಗೆ ವರ್ಗಾಯಿಸುವಂಥದು.

ಫ್ರಾನ್ಸಿನಲ್ಲಿ ಆ ವಿಚಾರವು ಬೇರೂರಲಿಲ್ಲ. ಬಂದೂಕುಗಾರರ ಸಂಘಗಳಿಗೆ ಅದು ಹಿಡಿಸಲಿಲ್ಲ. ಮಹಾಕ್ರಾಂತಿಯ ಗೊಂದಲದಲ್ಲಿ ಅದಕ್ಕೆ ಪೋಷಕರಾದ ಅಧಿಕಾರಿಗಳು ಚದರಿಹೋದರು. ೧೮೦೧ರಲ್ಲಿ ಬ್ಲಾಂಕನು ತೀರಿಹೋದ ಕೆಲವು ವರ್ಷಗಳಲ್ಲಿ ಫ್ರೆಂಚ್ ಸರ್ಕಾರವು ಹಳೆಯ ಪದ್ಧತಿಗೇ ಮರಳಿತು.

೩

ಬೀಜವು ಮೊಳೆತುದು ಸಮುದ್ರದ ಆಚೆ. ಹೊಸದಾಗಿ ಸ್ವತಂತ್ರವಾದ ಅಮೆರಿಕದ ಸಂಯುಕ್ತಸಂಸ್ಥಾನಗಳು ತಮ್ಮ ಸೇನೆಗಾಗಿ ಎರಡು ಸರ್ಕಾರಿ ಬಂದೂಕಿನ ಕಾರ್ಖಾನೆಗಳನ್ನು ಸ್ಥಾಪಿಸಿದುವು: ಒಂದು ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ, ಇನ್ನೊಂದು ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿ. ಖಾಸಗಿಯವರಿಗೂ ಗುತ್ತಿಗೆಗಳನ್ನು ಕೊಡಲಾಯಿತು. ಹತ್ತಿಯ ಬೀಜ ಬಿಡಿಸುವ ಯಂತ್ರದಿಂದ ಪ್ರಸಿದ್ಧನಾಗಿದ್ದ ಈಲೈ ವಿಟ್ನಿ ಎಂಬುವನು ೧೭೯೮ರಲ್ಲಿ ಹತ್ತು ಸಾವಿರ ಬಂದೂಕುಗಳನ್ನು ಎರಡು ವರ್ಷಗಳಲ್ಲಿ ಮಾಡಿಕೊಡುವುದಾಗಿ ಒಪ್ಪಿಕೊಂಡನು. ೧೮೦೧ರಲ್ಲಿ ರಾಜಧಾನಿಯ ಅಧಿಕಾರಿಗಳ ಮುಂದೆ ಬಿಡಿಭಾಗಗಳನ್ನು ಕೂಡಿಸಿ ತೋರಿಸಿ ಭೇಷ್ ಎನಿಸಿಕೊಂಡನು. ಬಹುಕಾಲ ಶಾಲೆಯ ಪುಸ್ತಕಗಳು ಈ ಪದ್ಧತಿಯ ಜನಕನೆಂದು ಆತನನ್ನೇ ಹೊಗಳುತ್ತ ಬಂದುವು. ಆದರೆ ಆತನ ಬಂದೂಕುಗಳಲ್ಲಿ ಕೊನೆಯವು ಸರ್ಕಾರಕ್ಕೆ ಸೇರಿದುದು ೧೮೦೯ರಲ್ಲಿ. ಉಳಿದಿರುವ ಬಂದೂಕುಗಳನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಬಿಚ್ಚಿ ನೋಡಿದಾಗ ಅವುಗಳ ಭಾಗಗಳು ಒಂದಕ್ಕೊಂದು ಹೊಂದಲಿಲ್ಲ. ಆಸೆಯನ್ನು ಲೋಕಕ್ಕೆ ತೋರಿಸಿದ ಕೀರ್ತಿಯು ವಿಟ್ನಿಯದು. ಅದನ್ನು ಸಾಧಿಸಿದವರು ಬೇರೆಯವರು.

೧೮೧೨ರಿಂದ ಇಂಗ್ಲೆಂಡಿನೊಡನೆ ನಡೆದ ಯುದ್ಧವು ಅಮೆರಿಕದ ಅಧಿಕಾರಿಗಳ ಕಣ್ಣನ್ನು ತೆರೆಯಿಸಿತು. ಕೆಟ್ಟ ಬಂದೂಕುಗಳು ಉಗ್ರಾಣಗಳಲ್ಲಿ ರಾಶಿಬಿದ್ದುವು. ಸರಿಪಡಿಸುವ ಕೈಗಳಿಲ್ಲದೆ ಅವು ತುಕ್ಕು ಹಿಡಿದುವು. ಆ ಯುದ್ಧದ ಕಾಲದಲ್ಲಿಯೇ ಹುಟ್ಟಿದ ಆಯುಧ ಇಲಾಖೆಯ ಮುಖ್ಯಸ್ಥನಾದ ಕರ್ನಲ್ ವಾಡ್ಸ್‌ವರ್ತನು ಏಕರೂಪತೆಯನ್ನೇ ತನ್ನ ಮಂತ್ರವನ್ನಾಗಿ ಮಾಡಿಕೊಂಡನು. ೧೮೧೫ರ ಜೂನ್ ತಿಂಗಳಲ್ಲಿ ಎರಡು ಕಾರ್ಖಾನೆಗಳ ಮೇಲ್ವಿಚಾರಕರೂ ವಿಟ್ನಿಯೂ ಆತನೊಡನೆ ನ್ಯೂ ಹೇವನ್ನಿನಲ್ಲಿ ಸೇರಿ ಒಂದೇ ಮಾದರಿಯನ್ನು ಅನುಸರಿಸುವ ವಿಷಯವನ್ನು ಆಲೋಚಿಸಿದರು. ಅದಕ್ಕೆ ಎರಡು ವರ್ಷ ಮುಂಚೆ ಸಿಮಿಯನ್ ನಾರ್ತ್ ಎಂಬುವನಿಗೆ ಇಪ್ಪತ್ತು ಸಾವಿರ ಪಿಸ್ತೂಲುಗಳ ಗುತ್ತಿಗೆಯನ್ನು ಕೊಟ್ಟಾಗ, ಯಾವ ಪಿಸ್ತೂಲಿನ ಭಾಗವಾದರೂ ಉಳಿದ ಯಾವುದಕ್ಕಾದರೂ ಕೂಡುವಂತಿರಬೇಕೆಂಬ ಷರತ್ತನ್ನು ಬರೆದಿದ್ದರು.

ಷರತ್ತನ್ನು ಬರೆಯುವುದು ಸುಲಭ. ಸಾವಿರಾರು ಭಾಗಗಳು ಒಂದೇ ಅಳತೆಯಲ್ಲಿ ಇರುವುವೆಂದು ತಿಳಿಯುವುದು ಹೇಗೆ? ಸ್ಪ್ರಿಂಗ್‌ಫೀಲ್ಡಿನ ಮೇಲ್ವಿಚಾರಕನಾಗಿ ೧೮೧೫ರಿಂದ ೧೮೩೩ರವರೆಗೆ ದುಡಿದ ರಾಸ್ವೆಲ್ ಲೀ ಮೊದಲಾದವರು ಇದಕ್ಕೆ ಕಂಡುಕೊಂಡ ಉಪಾಯವು ಗೇಜು, ಅಂದರೆ ಉಕ್ಕಿನ ಅಳತೆಯ ಮಾದರಿ. ಸಂತೆಯಲ್ಲಿ ಧಾನ್ಯವನ್ನು ಅಳೆಯುವ ಸೇರು ಸರಿಯಾಗಿದೆಯೇ ಎಂದು ನೋಡಲು ಸರ್ಕಾರದ ಮುದ್ರೆಯಿರುವ ಸೇರಿನೊಡನೆ ಹಿಂದೆ ಹೋಲಿಸುತ್ತಿದ್ದರಷ್ಟೆ? ಇಲ್ಲಿಯೂ ಹಾಗೆಯೇ. ಕೆಲಸಗಾರನ ಕೈಯಲ್ಲಿ ಒಂದು ಗೇಜು. ಆತನು ಮಾಡಿದುದನ್ನು ಪರೀಕ್ಷಿಸುವವನ ಕೈಯಲ್ಲಿ ಎರಡನೆಯದು. ಇವೆರಡೂ ಸವೆದಿಲ್ಲವೆಂದು ನಿರ್ಧರಿಸಲು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಮೂರನೆಯದು. ಗೇಜಿಗೆ ಹೊಂದದ ಭಾಗವನ್ನು, ಎಷ್ಟೇ ನಯವಾಗಿದ್ದರೂ, ತಳ್ಳಿಹಾಕಬೇಕು. ಹೊಸ ಕಾರ್ಖಾನೆಯ ಜೀವವು ಯಂತ್ರಗಳ ಅಬ್ಬರದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ಈ ಮೌನವಾದ ಉಕ್ಕಿನ ತುಂಡುಗಳಲ್ಲಿ ಇದ್ದಿತು.

ಈ ತತ್ತ್ವವನ್ನು ಕೊನೆಯವರೆಗೆ ಮುಟ್ಟಿಸಿದವನು ಜಾನ್ ಹಾಲ್. ಹಿಂಭಾಗದಿಂದ ಮದ್ದುಗುಂಡು ತುಂಬುವ ಬಂದೂಕನ್ನು ಆತನು ೧೮೧೧ರಲ್ಲಿ ಕಲ್ಪಿಸಿದ್ದನು. ೧೮೧೯ರಲ್ಲಿ ಸರ್ಕಾರವು ಆತನಿಗೆ ಹಾರ್ಪರ್ಸ್ ಫೆರಿಯಲ್ಲಿ ಸ್ಥಳ ಕೊಟ್ಟು ಒಂದು ಸಾವಿರ ಬಂದೂಕುಗಳನ್ನು ಮಾಡಲು ಅಪ್ಪಣೆ ಮಾಡಿತು. ಆ ಸಾವಿರಕ್ಕೆ ಆತನು ಐದಕ್ಕೂ ಹೆಚ್ಚು ವರ್ಷಗಳನ್ನು ತೆಗೆದುಕೊಂಡನು. ಏಕೆಂದರೆ ಬಂದೂಕುಗಳಿಗೆ ಮೊದಲು ಬಂದೂಕು ಮಾಡುವ ಯಂತ್ರಗಳನ್ನು ಮಾಡಬೇಕಾಗಿದ್ದಿತು. ಒಂದು ಭಾಗದಲ್ಲಿ ಹತ್ತು ಕಡೆ ಕೆಲಸವಿದ್ದು, ಒಂದೊಂದು ಅಳತೆಯನ್ನೂ ಹಿಂದಿನ ಅಳತೆಯ ಕೊನೆಯಿಂದ ತೆಗೆದುಕೊಂಡರೆ, ಹತ್ತು ಸಣ್ಣ ತಪ್ಪುಗಳು ಕೂಡಿ ದೊಡ್ಡ ತಪ್ಪಾಗುವುದು. ಹಾಲನು ಎಲ್ಲ ಅಳತೆಗಳನ್ನೂ ಗೊತ್ತಾದ ಒಂದೇ ಸ್ಥಾನದಿಂದ ತೆಗೆಯಬೇಕೆಂದು ನಿಯಮವಿಟ್ಟನು. ಹೊಲವನ್ನು ಅಳೆಯುವ ಸರ್ವೆಯವರು ಒಂದೇ ಮೂಲೆಗಲ್ಲನ್ನು ಹಿಡಿದು ಅಳೆಯುವಂಥ ಜಾಣ್ಮೆ ಇದು. ೧೮೨೬ರಲ್ಲಿ ಸರ್ಕಾರದ ಪರೀಕ್ಷಕರು ಬಂದು, ಹಿಂದೆ ಮಾಡಿದ್ದ ನೂರು ಬಂದೂಕುಗಳನ್ನು ಪೂರ್ಣವಾಗಿ ಬಿಚ್ಚಿಸಿ, ಭಾಗಗಳನ್ನು ಕಲಸಿ, ಹೊಸದಾಗಿ ಮಾಡಿದ ಮರದ ಹಿಡಿಗಳ ಮೇಲೆ ಕೂಡಿಸಿ ನೋಡಿದರು. ಎಲ್ಲವೂ ಕೂಡಿದುವು. ಸಿಮಿಯನ್ ನಾರ್ತನು ದೂರದ ಕನೆಕ್ಟಿಕಟ್ಟಿನಲ್ಲಿ ಅದೇ ಮಾದರಿಯ ಬಂದೂಕುಗಳನ್ನು ಮಾಡುತ್ತಿದ್ದನು. ೧೮೩೪ರ ವೇಳೆಗೆ ಆತನ ಬಂದೂಕಿನ ಭಾಗಗಳೂ ಹಾರ್ಪರ್ಸ್ ಫೆರಿಯ ಬಂದೂಕುಗಳಿಗೆ ಕೂಡುವಂತಾದುವು.

ಮರದ ಹಿಡಿಯ ಕೆಲಸಕ್ಕೂ ಯಂತ್ರ ಬಂದಿತು. ಬಂದೂಕಿನ ಹಿಡಿಯು ದುಂಡಗಾಗಲಿ ಚೌಕವಾಗಲಿ ಅಲ್ಲದ ಅಂಕುಡೊಂಕಾದ ವಸ್ತು; ಅದನ್ನು ಬಡಗಿಯ ಕಣ್ಣು ಕೈಗಳೇ ತಿದ್ದಬೇಕೆಂದು ಎಲ್ಲರೂ ನಂಬಿದ್ದರು. ಥಾಮಸ್ ಬ್ಲಾಂಚರ್ಡ್ ಎಂಬುವನು ೧೮೧೯ರಲ್ಲಿ ಕಲ್ಪಿಸಿದ ಲೇತಿನಲ್ಲಿ ಕಬ್ಬಿಣದ ಮಾದರಿ ಹಿಡಿಯೂ ಮರದ ತುಂಡೂ ಒಟ್ಟಿಗೆ ತಿರುಗುತ್ತಿದ್ದುವು. ಸಣ್ಣ ಚಕ್ರವೊಂದು ಮಾದರಿಯ ಮೈಯನ್ನು ಸವರುತ್ತ ಏರಿಳಿದಂತೆ, ಅದಕ್ಕೆ ಜೋಡಿಸಿದ ಉಳಿಯ ಚಕ್ರವು ಮರವನ್ನು ಅದೇ ಪ್ರಮಾಣದಲ್ಲಿ ಕೆತ್ತುತ್ತಿದ್ದಿತು. ಆತನು ಸ್ಪ್ರಿಂಗ್‌ಫೀಲ್ಡಿನಲ್ಲಿದ್ದು ಇಂಥ ಹದಿನಾಲ್ಕು ಯಂತ್ರಗಳ ಸಾಲನ್ನು ಸಿದ್ಧಪಡಿಸಿದನು. ಕೊನೆಯದಾಗಿ ಉಳಿದ ತೊಡಕು ಹದ ಹಾಕುವುದರದು. ಮೆತ್ತಗಿರುವಾಗ ಅಳತೆಗೆ ಸರಿಯಾದ ಭಾಗವು ಬೆಂಕಿಯಲ್ಲಿ ಕಾಯಿಸಿ ಗಟ್ಟಿಮಾಡಿದಾಗ ಸೊಟ್ಟಗಾಗುತ್ತಿದ್ದಿತು. ಅದನ್ನೂ ಗೆದ್ದು, ೧೮೪೦ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡು ಸಂಪೂರ್ಣವಾಗಿ ಏಕರೂಪವಾದ ಬಂದೂಕುಗಳನ್ನು ಹೊರಡಿಸತೊಡಗಿತು.

ಇಷ್ಟಕ್ಕೂ ತಗಲಿದ ವೆಚ್ಚವನ್ನು ಹೊತ್ತುದು ಸರ್ಕಾರದ ಬೊಕ್ಕಸ. ಏಕರೂಪದ ಬಂದೂಕು ಹಲವು ದಶಕಗಳ ಕಾಲ ಕೈಯಲ್ಲಿ ಮಾಡಿದ ಬಂದೂಕಿಗಿಂತ ದುಬಾರಿಯಾಗಿಯೇ ಇದ್ದಿತು. ಲಾಭವನ್ನು ನೋಡುವ ವರ್ತಕನು ಇದನ್ನು ಎಂದೋ ಕೈಬಿಡುತ್ತಿದ್ದನು. ದುರಸ್ತಿಯ ಸೌಲಭ್ಯಕ್ಕಾಗಿ ಹಣವನ್ನು ಸುರಿಯಬಲ್ಲ ಸರ್ಕಾರವು ಪಟ್ಟುಹಿಡಿದುದರಿಂದ ಮಾತ್ರ ಇದು ಸಿದ್ಧಿಸಿತು.

೪

ಬೆಲೆಯನ್ನು ತೆತ್ತವರು ಇನ್ನೂ ಇದ್ದರು. ಹಾರ್ಪರ್ಸ್ ಫೆರಿಯ ಬಂದೂಕುಗಾರರು ತಮ್ಮ ಕಸಬಿನ ಅಭಿಮಾನವುಳ್ಳ ಜನ. ಮಾಡಿದಷ್ಟು ಕೆಲಸಕ್ಕೆ ಕೂಲಿ ಪಡೆದು, ಬೇಕಾದಾಗ ಬಂದು, ಬೇಕಾದಾಗ ಹೋಗುತ್ತಿದ್ದರು. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವರು, ಬೇಸರವಾದರೆ ಮೀನು ಹಿಡಿಯಲು ಹೊಳೆಗೆ ಹೋಗುವರು. ತರುಣನಾಗಿದ್ದಾಗ ಇಡೀ ಬಂದೂಕನ್ನು ಮಾಡಲು ಕಲಿತವನಿಗೆ, ದಿನವೆಲ್ಲ ಯಂತ್ರದ ಬಾಯಿಗೆ ಒಂದೇ ಬಗೆಯ ಕಬ್ಬಿಣದ ತುಂಡನ್ನು ಕೊಡುತ್ತ ನಿಲ್ಲುವುದು ಅವಮಾನವೆಂದು ತೋರಿದುದು ಆಶ್ಚರ್ಯವಲ್ಲ.

೧೮೨೯ರಲ್ಲಿ ಥಾಮಸ್ ಡನ್ ಎಂಬುವನು ಅಲ್ಲಿಗೆ ಮೇಲ್ವಿಚಾರಕನಾಗಿ ಬಂದು ಕಟ್ಟುನಿಟ್ಟಾದ ನಿಯಮಗಳನ್ನು ಜಾರಿಗೆ ತಂದನು. ಕೆಲಸದಿಂದ ತೆಗೆಯಲ್ಪಟ್ಟ ಎಬೆನೀಜರ್ ಕಾಕ್ಸ್ ಎಂಬ ಬಂದೂಕುಗಾರನು ೧೮೩೦ರ ಜನವರಿ ೨೯ರಂದು ಡನ್ನನನ್ನು ಆತನ ಕಚೇರಿಯಲ್ಲಿಯೇ ಗುಂಡು ಹಾರಿಸಿ ಕೊಂದನು. ಕಾಕ್ಸನಿಗೆ ಗಲ್ಲಾಯಿತು. ಆದರೆ ಕೆಲಸಗಾರರ ಮಾತಿನಲ್ಲಿ ಕೊಲೆಗಾರನು ವೀರನಾದನು. ಮುಂದೆ ಬಂದ ಅಧಿಕಾರಿಗಳಿಗೆ ಎಚ್ಚರಿಕೆ ಹೇಳಲು ಆತನ ಹೆಸರನ್ನು ಎತ್ತುತ್ತಿದ್ದರು. ೧೮೪೨ರಲ್ಲಿ ಸೈನ್ಯದ ಅಧಿಕಾರಿಯೊಬ್ಬನು ಮೇಲ್ವಿಚಾರಕನಾಗಿ ಗಡಿಯಾರದ ಪ್ರಕಾರ ಕೆಲಸ ಮಾಡಬೇಕೆಂದಾಗ, ಕೆಲಸಗಾರರು ಕೈಯಲ್ಲಿದ್ದ ಹತ್ಯಾರುಗಳನ್ನು ಕೆಳಗಿಟ್ಟು, ಕಾಲುವೆಯ ದೋಣಿಯನ್ನು ಗೊತ್ತುಮಾಡಿಕೊಂಡು ರಾಜಧಾನಿಗೆ ಹೋಗಿ ಅಧ್ಯಕ್ಷ ಟೈಲರನಲ್ಲಿ ಮೊರೆಯಿಟ್ಟರು. ಆತನು ಅವರ ಕೈಕುಲುಕಿ ಸಮಾಧಾನದ ಮಾತನಾಡಿದನು. ಆದರೆ ಕೆಲಸಕ್ಕೆ ಮರಳಬೇಕೆಂದನು. ಅವರು ಮರಳಿದರು. ಗಡಿಯಾರವು ನಿಂತಿತು; ಹೊಳೆಯ ಮೀನುಗಾರಿಕೆಯು ನಿಂತುಹೋಯಿತು.

ಈ ಬಂದೂಕುಗಾರರನ್ನು ಪ್ರಗತಿಯ ವಿರೋಧಿಗಳೆಂದು ಜರೆಯುವುದು ನ್ಯಾಯವಲ್ಲ. ಕೈಯಲ್ಲಿದ್ದ ವಿದ್ಯೆಯು ಗೇಜಿಗೆ ಹೋದ ಮೇಲೆ, ಒಬ್ಬನು ಬಿಟ್ಟ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಬಹುದು. ಬದಲಾಯಿಸಬಹುದಾದ ಭಾಗಗಳೊಡನೆ ಬದಲಾಯಿಸಬಹುದಾದ ಮನುಷ್ಯರೂ ಬಂದರೆಂಬ ಸಂಗತಿಯನ್ನು ಅವರು ಅಧಿಕಾರಿಗಳಿಗಿಂತ ಮುಂಚೆ ಅರಿತಿದ್ದರು.

೫

ಇಂಗ್ಲೆಂಡಿನಲ್ಲಿ ಆಗಲೂ ಬಂದೂಕಿನ ಕಸಬು ಬರ್ಮಿಂಗ್‌ಹ್ಯಾಮಿನ ಓಣಿಗಳಲ್ಲಿಯೇ ನಡೆಯುತ್ತಿದ್ದಿತು. ನಳಿಗೆ ಮಾಡುವವನು ಒಬ್ಬ, ಲಾಕು ಮಾಡುವವನು ಇನ್ನೊಬ್ಬ, ಹಿಡಿ ಕೆತ್ತುವವನು ಮತ್ತೊಬ್ಬ. ಭಾಗಗಳು ಅಂಗಡಿಯಿಂದ ಅಂಗಡಿಗೆ ಹೋಗಿ ಬಂದು ಕೊನೆಗೆ ಬಂದೂಕಾಗುವುವು. ಯುದ್ಧ ಬಂದಾಗ ಕೂಲಿಯೂ ಬೆಲೆಯೂ ಏರುವುವು. ಗುತ್ತಿಗೆಯ ಗಡುವು ಮೀರುವುದು. ೧೮೫೧ರಲ್ಲಿ ಲಂಡನ್ನಿನ ಸ್ಫಟಿಕ ಮಂದಿರದಲ್ಲಿ ನಡೆದ ಮಹಾಪ್ರದರ್ಶನಕ್ಕೆ ಅಮೆರಿಕದ ವರ್ಮಾಂಟ್ ಪ್ರಾಂತದ ರಾಬಿನ್ಸ್ ಅಂಡ್ ಲಾರೆನ್ಸ್ ಎಂಬ ಕಂಪೆನಿಯು ಆರು ಬಂದೂಕುಗಳನ್ನು ಕಳುಹಿಸಿತು. ನೋಡಲು ಸಾದಾ ಬಂದೂಕುಗಳು. ಆದರೆ ಅವುಗಳ ಭಾಗಗಳನ್ನು ಅದಲುಬದಲು ಮಾಡಬಹುದಾಗಿದ್ದಿತು. ತಿಳಿದವರು ಬೆರಗಾದರು.

೧೮೫೪ರಲ್ಲಿ, ಕ್ರಿಮಿಯಾ ಯುದ್ಧದ ಹೊಸ್ತಿಲಲ್ಲಿ, ಪಾರ್ಲಿಮೆಂಟಿನ ಸಮಿತಿಯೊಂದು ಕುಳಿತು ಸಾಕ್ಷಿಗಳನ್ನು ವಿಚಾರಿಸಿತು. ಬರ್ಮಿಂಗ್‌ಹ್ಯಾಮಿನವರು ಸರ್ಕಾರಿ ಕಾರ್ಖಾನೆ ಬೇಡವೆಂದು ವಾದಿಸಿದರು. ಅದೇ ಸಮಯದಲ್ಲಿ ವುಲಿಚ್ ಆಯುಧಶಾಲೆಯ ಯಂತ್ರಗಳ ಅಧಿಕಾರಿಯಾಗಿದ್ದ ಜಾನ್ ಆಂಡರ್‌ಸನ್ನನು ಇಬ್ಬರು ಸೇನಾಧಿಕಾರಿಗಳೊಡನೆ ಅಮೆರಿಕಕ್ಕೆ ಹೋದನು. ಸ್ಪ್ರಿಂಗ್‌ಫೀಲ್ಡಿನಲ್ಲಿ ಅವರು ಮಾಡಿದ ಪರೀಕ್ಷೆಯು ಪ್ರಸಿದ್ಧವಾಗಿದೆ. ೧೮೪೪ರಿಂದ ೧೮೫೩ರವರೆಗೆ ವರ್ಷಕ್ಕೊಂದರಂತೆ ಮಾಡಿದ್ದ ಹತ್ತು ಬಂದೂಕುಗಳನ್ನು ತರಿಸಿ, ಎದುರಿನಲ್ಲಿಯೇ ಬಿಚ್ಚಿಸಿ, ಭಾಗಗಳನ್ನು ಸಾಲಾಗಿಟ್ಟ ಪೆಟ್ಟಿಗೆಗಳಲ್ಲಿ ಕಲಸಿದರು. ಅನಂತರ ತಾವೇ ಆಯ್ದ ಭಾಗಗಳನ್ನು ಕೆಲಸಗಾರನ ಕೈಗೆ ಕೊಟ್ಟರು. ಆತನ ಬಳಿ ತಿರುಪುಳಿಯ ಹೊರತು ಬೇರೆ ಹತ್ಯಾರಿರಲಿಲ್ಲ, ಅರವಿಲ್ಲ, ಸುತ್ತಿಗೆಯಿಲ್ಲ. ಹತ್ತೂ ಬಂದೂಕುಗಳು ಕೂಡಿ ನಿಂತುವು. ಜೆಫರ್‌ಸನ್ನನು ಪ್ಯಾರಿಸಿನಲ್ಲಿ ಖಾನೆಗಳ ಮುಂದೆ ನಿಂತ ದಿನದಿಂದ ಸರಿಯಾಗಿ ಅರವತ್ತೊಂಬತ್ತು ವರ್ಷಗಳಾಗಿದ್ದುವು.

ಅರವಿಲ್ಲದೆ ಕೂಡಿಸುವುದು ಎಂಬುದರಲ್ಲಿಯೇ ಸಮಸ್ತವೂ ಅಡಗಿದೆ. ಅರವೆಂದರೆ ಕುಶಲಿಯ ಕೈ. ಅದು ಬೇಡವಾದ ಮೇಲೆ, ಬಂದೂಕನ್ನು ಸರಿಪಡಿಸಲು ಕುಲುಮೆಯೂ ಬೇಡ, ಕುಶಲಿಯೂ ಬೇಡ; ಬಿಡಿಭಾಗಗಳ ಪೆಟ್ಟಿಗೆಯೊಂದೂ ತಿರುಪುಳಿಯೊಂದೂ ಇದ್ದರೆ ಸಾಕು.

ಆಂಡರ್‌ಸನ್ನನು ಯಂತ್ರಗಳನ್ನು ಅಲ್ಲಿಯೇ ಕೊಂಡನು. ಲಂಡನ್ನಿನ ಬಳಿಯ ಎನ್‌ಫೀಲ್ಡಿನಲ್ಲಿದ್ದ ಹಳೆಯ ಸರ್ಕಾರಿ ಕಾರ್ಖಾನೆಯನ್ನು ಹೊಸದಾಗಿ ಕಟ್ಟಿಸಲಾಯಿತು. ಹಾರ್ಪರ್ಸ್ ಫೆರಿಯಲ್ಲಿ ಪಳಗಿದ್ದ ಜೇಮ್ಸ್ ಬರ್ಟನ್ ಎಂಬುವನು ಅಲ್ಲಿಗೆ ಮುಖ್ಯ ಇಂಜಿನಿಯರಾಗಿ ಬಂದನು. ೧೮೫೭ರಲ್ಲಿ ಯಂತ್ರದಿಂದಾದ ಬಂದೂಕುಗಳು ಹೊರಬರತೊಡಗಿದುವು. ೧೮೬೦ರ ವೇಳೆಗೆ ವಾರಕ್ಕೆ ಸುಮಾರು ೧,೭೦೦ ಬಂದೂಕುಗಳಾಗುತ್ತಿದ್ದುವು. ಇಂಗ್ಲೆಂಡಿಗೆ ಈ ವಿದ್ಯೆಯನ್ನು ತೋರಿಸಿದ ರಾಬಿನ್ಸ್ ಅಂಡ್ ಲಾರೆನ್ಸ್ ಕಂಪೆನಿಯ ಪಾಡು ಬೇರೆಯಾಯಿತು. ಯುದ್ಧಕಾಲದಲ್ಲಿ ಇಪ್ಪತ್ತೈದು ಸಾವಿರ ಎನ್‌ಫೀಲ್ಡ್ ಬಂದೂಕುಗಳನ್ನು ಮಾಡಿಕೊಡಲು ಒಪ್ಪಿ, ಹೊಸ ಯಂತ್ರಗಳಿಗೆ ಹಣ ಸುರಿದು, ಗಡುವಿನೊಳಗೆ ಒಪ್ಪಿಸಲಾರದೆ ಅದು ದಿವಾಳಿಯೆದ್ದಿತು. ಯುದ್ಧವು ಕೊಡುವ ಐಶ್ವರ್ಯವನ್ನು ನೆಚ್ಚಿದವರ ಗತಿಗೆ ಇದು ಒಂದು ನಿದರ್ಶನ.

ಎನ್‌ಫೀಲ್ಡಿನ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. ೧೮೫೭ರಲ್ಲಿ ಸಿಪಾಯಿಗಳ ಕೋಪವನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾಗಳು ಎನ್‌ಫೀಲ್ಡ್ ಮಾದರಿಯ ಬಂದೂಕಿನವು. ಲಂಡನ್ನಿನ ಬಳಿ ಅಳತೆಯ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದ ಸರ್ಕಾರವು, ತೋಟಾವನ್ನು ಹಲ್ಲಿನಿಂದ ಕಚ್ಚಬೇಕಾದ ಮನುಷ್ಯನ ಮನಸ್ಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ಅಳೆಯುವ ಗೇಜು ಯಾವ ಪೆಟ್ಟಿಗೆಯಲ್ಲಿಯೂ ಇರಲಿಲ್ಲ.

೬

ಇಲ್ಲಿಂದ ಮುಂದೆ ಕಥೆಯು ವೇಗವಾಗಿ ಸಾಗುವುದು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿದಾಗ ಹಾರ್ಪರ್ಸ್ ಫೆರಿಯ ಆಯುಧಾಗಾರಕ್ಕೆ ಉತ್ತರದವರೇ ಬೆಂಕಿಯಿಟ್ಟು ಹಿಂದೆಗೆದರು. ಉಳಿದ ಯಂತ್ರಗಳನ್ನು ದಕ್ಷಿಣದವರು ಹೊತ್ತುಕೊಂಡು ಹೋದರು. ಸ್ಪ್ರಿಂಗ್‌ಫೀಲ್ಡು ೧೮೬೪ನೆಯ ಒಂದೇ ವರ್ಷದಲ್ಲಿ ಎರಡೂವರೆ ಲಕ್ಷಕ್ಕೂ ಮೀರಿ ಬಂದೂಕುಗಳನ್ನು ಮಾಡಿತು. ಹಿಂದೆ ವಿಟ್ನಿಯು ಹತ್ತು ಸಾವಿರಕ್ಕೆ ಹತ್ತಕ್ಕೂ ಹೆಚ್ಚು ವರ್ಷಗಳನ್ನು ತೆಗೆದುಕೊಂಡಿದ್ದುದನ್ನು ನೆನೆದರೆ ಇದರ ಪರಿಮಾಣವು ತಿಳಿಯುವುದು. ದುರಸ್ತಿಗೆಂದು ಹುಟ್ಟಿದ ಪದ್ಧತಿಯು ಸಂಹಾರದ ಪ್ರಮಾಣವನ್ನೂ ಹೆಚ್ಚಿಸಿತೆಂಬುದನ್ನು ಮರೆಮಾಚಬೇಕಾದುದಿಲ್ಲ.

ಆ ವಿದ್ಯೆಯು ಆಯುಧಶಾಲೆಯ ಗೋಡೆಗಳೊಳಗೆ ನಿಲ್ಲಲಿಲ್ಲ. ಬಂದೂಕಿನ ಕಾರ್ಖಾನೆಗಳಲ್ಲಿ ಕಲಿತವರು ಹೊಲಿಗೆಯ ಯಂತ್ರಗಳ, ಬೈಸಿಕಲ್ಲುಗಳ ಕಾರ್ಖಾನೆಗಳಿಗೆ ಹೋದರು. ಮನೆಯ ಹೊಲಿಗೆಯ ಯಂತ್ರದ ಭಾಗವೊಂದು ಸವೆದರೆ ಪೇಟೆಯಿಂದ ಅದೇ ಭಾಗವನ್ನು ತಂದು ಕೂಡಿಸುವುದು ಯಾರಿಗೂ ಸೋಜಿಗವಾಗಿ ತೋರುವುದಿಲ್ಲ. ಅದರ ಹಿಂದೆ ಸ್ಪ್ರಿಂಗ್‌ಫೀಲ್ಡಿನ ಪೆಟ್ಟಿಗೆಗಳಿವೆ. ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ದುಡಿದಿದ್ದ ಹೆನ್ರಿ ಲೀಲೆಂಡ್ ಎಂಬುವನು ಮುಂದೆ ಕ್ಯಾಡಿಲಾಕ್ ಮೋಟಾರು ಕಂಪೆನಿಯ ಮುಖ್ಯಸ್ಥನಾದನು. ೧೯೦೮ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸಿನಲ್ಲಿ ಆ ಕಂಪೆನಿಯ ಮೂರು ಮೋಟಾರುಗಳನ್ನು ಬಿಚ್ಚಿ, ಭಾಗಗಳನ್ನು ಕಲಸಿ, ಮರಳಿ ಮೂರು ಮೋಟಾರುಗಳನ್ನಾಗಿ ಕೂಡಿಸಿ ಐನೂರು ಮೈಲಿ ಓಡಿಸಿದರು. ಹಳೆಯ ಪರೀಕ್ಷೆಯೇ, ಬಂದೂಕಿನ ಬದಲು ಗಾಡಿ. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್, ಫೋರ್ಡ್ ಎಂಬ ಎರಡು ಬೇರೆ ಬೇರೆ ಕಂಪೆನಿಗಳು ಒಂದೇ ನಕ್ಷೆಯ ಮೇಲೆ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಮಾಡಿದುವು. ಒಂದರ ಭಾಗವು ಇನ್ನೊಂದಕ್ಕೆ ಕೂಡುತ್ತಿದ್ದಿತು. ತೋಪಿನ ಗಾಡಿಯ ಗಾಲಿಗೆ ಗ್ರಿಬೋವಾಲನು ಬಯಸಿದುದು ಅಲ್ಲಿ ಪೂರ್ಣವಾಯಿತು.

ಆ ಯುದ್ಧವೇ ಇದನ್ನು ಕನ್ನಡನಾಡಿಗೂ ತಂದಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ವಿಮಾನಗಳನ್ನು ಮಾಡಬೇಕೆಂಬುದು ಅವರ ಉದ್ದೇಶ. ಯುದ್ಧವು ಪೂರ್ವಕ್ಕೆ ಹಬ್ಬಿದಂತೆ ಭಾರತ ಸರ್ಕಾರವು ೧೯೪೨ರಲ್ಲಿ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ೧೯೪೩ರಲ್ಲಿ ಅದರ ಆಡಳಿತವು ಅಮೆರಿಕದ ವಾಯುಸೇನೆಗೆ ಸೇರಿತು. ಆಗ ಅಲ್ಲಿ ನಿರ್ಮಾಣಕ್ಕಿಂತ ದುರಸ್ತಿಯೇ ಮುಖ್ಯವಾಯಿತು. ಬರ್ಮಾ, ಚೀನಾ ರಣರಂಗಗಳ ವಿಮಾನಗಳು ಬೆಂಗಳೂರಿಗೆ ಬಂದು, ಬಿಚ್ಚಿಸಿಕೊಂಡು, ಸವೆದ ಭಾಗಗಳನ್ನು ಬದಲಾಯಿಸಿಕೊಂಡು ಮತ್ತೆ ಹಾರಿದುವು. ಮೈಸೂರು ಸೀಮೆಯ ತರುಣರು ಅಳತೆಯ ಶಿಸ್ತನ್ನು ಕಲಿತುದು ಹೀಗೆ ಹಳೆಯ ವಿಮಾನಗಳನ್ನು ಬಿಚ್ಚಿ ಕೂಡಿಸುವ ಮೂಲಕ. ಯುದ್ಧಾನಂತರ ಅದೇ ಕಾರ್ಖಾನೆಯು ದೇಶೀಯ ವಿಮಾನಗಳ ನಿರ್ಮಾಣಕ್ಕೆ ತಳಹದಿಯಾಯಿತು. ೧೯೬೪ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ಪಡೆಯಿತು. ದುರಸ್ತಿಯಿಂದ ನಿರ್ಮಾಣಕ್ಕೆ ದಾರಿ ಎಂಬ ಮಾತು ಇಲ್ಲಿಯೂ ನಿಜವಾಯಿತು.

ಎನ್‌ಫೀಲ್ಡಿನ ವಿದ್ಯೆಯು ಬಂಗಾಳದ ಇಶಾಪುರದ ಬಂದೂಕಿನ ಕಾರ್ಖಾನೆಗೂ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲಿ ಎನ್‌ಫೀಲ್ಡ್ ಮಾದರಿಯ ಬಂದೂಕುಗಳೇ ಆಗುತ್ತಿದ್ದುವು. ತಾಯಿಯಂತಿದ್ದ ಕಾರ್ಖಾನೆಗಳು ಈಗ ಇಲ್ಲ. ಸ್ಪ್ರಿಂಗ್‌ಫೀಲ್ಡನ್ನು ೧೯೬೮ರಲ್ಲಿಯೂ ಎನ್‌ಫೀಲ್ಡನ್ನು ೧೯೮೮ರಲ್ಲಿಯೂ ಮುಚ್ಚಿದರು. ಸ್ಪ್ರಿಂಗ್‌ಫೀಲ್ಡು ವಸ್ತುಸಂಗ್ರಹಾಲಯವಾಗಿದೆ, ಹಾರ್ಪರ್ಸ್ ಫೆರಿಯು ಯಾತ್ರಿಕರು ನೋಡುವ ಐತಿಹಾಸಿಕ ಸ್ಥಳವಾಗಿದೆ. ಭಾರತದಲ್ಲಿ ಸರ್ಕಾರಿ ಆಯುಧ ಕಾರ್ಖಾನೆಗಳ ಹಳೆಯ ಮಂಡಲಿಯನ್ನು ೨೦೨೧ರಲ್ಲಿ ವಿಸರ್ಜಿಸಿ ಏಳು ಕಂಪೆನಿಗಳನ್ನಾಗಿ ಮಾಡಿದರು. ಪ್ರತಿಯೊಂದು ತಲೆಮಾರೂ ಆಯುಧಶಾಲೆಯನ್ನು ಹೊಸದಾಗಿ ಏರ್ಪಡಿಸಬೇಕಾಗುವುದು.

ಹಾಗೆ ಏರ್ಪಡಿಸುವವರಿಗೆ ಈ ಚರಿತ್ರೆಯಿಂದ ಎರಡು ಪಾಠಗಳು ದೊರೆಯುವುವು. ಹೊಸ ಯಂತ್ರಗಳನ್ನು ಕೊಂಡ ಮಾತ್ರಕ್ಕೆ ಕಾರ್ಖಾನೆಯು ಹೊಸದಾಗುವುದಿಲ್ಲ; ಅಳತೆಯ ಶಿಸ್ತು ಬೇರೂರಬೇಕು, ಅದಕ್ಕೆ ದಶಕಗಳ ತಾಳ್ಮೆಯೂ ದುರಸ್ತಿಯ ಮೇಲಣ ದೃಷ್ಟಿಯೂ ಬೇಕು. ಇದು ಮೊದಲನೆಯದು. ಆ ಶಿಸ್ತಿನಲ್ಲಿ ಮನುಷ್ಯನಿಗೆ ಯಾವ ಸ್ಥಾನವೆಂಬುದನ್ನು ಮೊದಲೇ ಆಲೋಚಿಸದಿದ್ದರೆ, ಬಂದೂಕು ಕೂಡಿ ಬರುವುದು, ಬಂದೂಕುಗಾರನು ಮುರಿದುಹೋಗುವನು. ಇದು ಎರಡನೆಯದು. ಶ್ರೀರಂಗಪಟ್ಟಣದ ಬಂದೂಕಿನ ಮೇಲೆ ಅದನ್ನು ಮಾಡಿದವನ ಹೆಸರಿದೆ. ಸ್ಪ್ರಿಂಗ್‌ಫೀಲ್ಡಿನ ಬಂದೂಕಿನ ಮೇಲೆ ಇರುವುದು ಕಾರ್ಖಾನೆಯ ಹೆಸರೂ ವರ್ಷವೂ ಮಾತ್ರ. ಮೊದಲನೆಯದು ಮುರಿದರೆ ಸರಿಪಡಿಸುವುದು ಕಷ್ಟ. ಎರಡನೆಯದನ್ನು ಸರಿಪಡಿಸಲು ತಿರುಪುಳಿ ಸಾಕು. ಅದನ್ನು ಮಾಡಿದ ನೂರಾರು ಕೈಗಳ ಹೆಸರುಗಳನ್ನು ಮಾತ್ರ ಯಾವ ತಿರುಪುಳಿಯಿಂದಲೂ ಮರಳಿ ಕೂಡಿಸುವಂತಿಲ್ಲ.